ಮೃಗಶಿರದ ಕೊರಮೀನು

ಅರೆಜೀವದ ಮೀನನ್ನು ಕೆರೆಗೆ ಬಿಟ್ಟು ಮತ್ತೆ ಬಲೆ ಹಾಕಿ ಹಿಡಿಯುವ ವಿದ್ಯೆಯನ್ನು ಬಂಡೆಪ್ಪನಿಗೆ ಅವನ ಅಪ್ಪ ಕಲಿಸಿರಲಿಲ್ಲ. ಬೆಳಕು ಹರಿಯುವ ಹೊತ್ತಿಗೇ ಸೊಂಟಮಟ್ಟ ನೀರಿನಲ್ಲಿ ನಿಂತು, ಏರಿಯ ಮೇಲಿನ ಲಾರಿಯಿಂದ ಕೈಯಿಂದ ಕೈಗೆ ಇಳಿದುಬರುತ್ತಿದ್ದ ಬುಟ್ಟಿಗಳನ್ನು ಒಂದೊಂದಾಗಿ ಬಗ್ಗಿಸುತ್ತಿದ್ದ. ಸಮುದ್ರದ ಕಡೆಯ ಜಿಲ್ಲೆಗಳ ಹೊಂಡಗಳಲ್ಲಿ ತೌಡು ತಿಂದು ಬೆಳೆದ ಕಟ್ಲಾ, ರೋಹು. ಲಾರಿಯ ತೊಟ್ಟಿಯಲ್ಲಿ ಕುಲುಕಾಡಿಕೊಂಡು ಬಂದ ಅವಕ್ಕೆ ನೀರು ಕಂಡರೂ ಈಜಬೇಕೆಂಬ ನೆನಪಿರಲಿಲ್ಲ. ಬಿಳಿ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಒಂದೊಂದನ್ನೂ ಎರಡು ಕೈಯಲ್ಲಿ ಹಿಡಿದು ಹಿಂದಕ್ಕೂ ಮುಂದಕ್ಕೂ ಆಡಿಸಿ ಕಿವಿರಿನೊಳಗೆ ನೀರು ಹೋಗುವಂತೆ ಮಾಡಬೇಕಾಗಿತ್ತು, ಕುಡಿದು ಬಿದ್ದವರನ್ನು ಎಬ್ಬಿಸಿ ಮನೆಯ ದಾರಿ ಹಿಡಿಸಿದ ಹಾಗೆ. ಹಾಗೆ ಎಬ್ಬಿಸಿದ ಮೀನು ತುಸು ದೂರ ಹೋಗಿ, ಸುತ್ತ ಗಳ ನೆಟ್ಟು ಕಟ್ಟಿದ ಬಲೆಗೆ ಮೂತಿ ತಾಗಿಸಿ ಅಲ್ಲೇ ನಿಂತುಬಿಡುತ್ತಿತ್ತು. ಹುಟ್ಟಿದಾಗಿನಿಂದ ಬದುವಿನೊಳಗೇ ಬೆಳೆದದ್ದು. ಅದಕ್ಕೆ ಬಲೆ ಎಂದರೆ ಮನೆಯ ಗೋಡೆ. ಬಂಡೆಪ್ಪನಿಗೆ ಅದರ ಮೇಲೂ ಸಿಟ್ಟು ಬಂತು. ಹೆದರಿ ಓಡುವಷ್ಟಾದರೂ ಮರ್ಯಾದೆ ಬೇಡವೇ ಮೀನಿಗೆ ಎಂದುಕೊಂಡ.

"ಮಾವಾ, ಲಗೂ ಮಾಡು. ಮಂದಿ ಬರೂ ಹೊತ್ತಾತು," ಎಂದು ಏರಿಯ ಮೇಲಿನಿಂದ ಮಲ್ಲಣ್ಣ ಕೂಗಿದ. ಮಲ್ಲಣ್ಣ ಬಂಡೆಪ್ಪನ ಹೆಂಡತಿ ಅಂಬವ್ವನ ತಮ್ಮ, ಕೆರೆಯ ಮೀನುಗಾರರ ಸೊಸೈಟಿಗೆ ಅಧ್ಯಕ್ಷ. ಇಸ್ತ್ರಿ ಮಾಡಿದ ಅಂಗಿಗೆ ಒಂದು ಹನಿಯೂ ಸಿಡಿಯದಷ್ಟು ದೂರದಲ್ಲಿ ನಿಂತು ಅವನು ಕೈ ಬೀಸುತ್ತಿದ್ದ. ಈ ಉಪಾಯವೂ ಅವನದೇ. ಹಿಂದಿನ ದಿನ ಸೊಸೈಟಿಯವರನ್ನೆಲ್ಲ ಬೇವಿನ ಮರದ ಕೆಳಗೆ ಕೂಡಿಸಿ, ಒಮ್ಮೆ ತೆಲುಗಿನಲ್ಲಿ, ಮತ್ತೊಮ್ಮೆ ಭಾವನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದ್ದ: "ಕೆರ್‍ಯಾಗ ಮೀನಿಲ್ಲಂತ ಒಮ್ಮೆ ಸುದ್ದಿ ಆತಂದ್ರ ಸೊಸೈಟಿ ಯಾಕ ಬೇಕಂತಾರ. ಸೊಸೈಟಿ ಹೋತಂದ್ರ ಕೆರಿ ಹೋತು. ಮಣ್ಣ ತುಂಬಿ ಪ್ಲಾಟ್ ಹೊಡಿಯಾಕ ಕಾಯಾಕತ್ತಾರ ಬಿಲ್ಡರ್‌ಗೋಳು. ಮೃಗಶಿರದ ದಿನ ನಾಕು ಮಂದಿ ಎದುರಿಗೆ ಬಲಿ ತುಂಬಿ ಮೀನು ಬಂದ್ರ ಒಂದು ವರ್ಷ ಯಾರೂ ಬಾಯಿ ಬಿಡಂಗಿಲ್ಲ." ಯಾರೂ ಎದುರಾಡಲಿಲ್ಲ. ಬಂಡೆಪ್ಪ ಎದುರಾಡಬೇಕೆಂದು ಗಂಟಲು ಸರಿಮಾಡಿಕೊಂಡ, ಆದರೆ ಹೇಳಲಿಕ್ಕೆ ಅವನ ಹತ್ತಿರ ಇನ್ನೊಂದು ಉಪಾಯ ಇರಲಿಲ್ಲ. ಗಂಟಲು ಸರಿಮಾಡಿಕೊಂಡದ್ದನ್ನೇ ಒಪ್ಪಿಗೆ ಎಂದುಕೊಂಡ ಮಲ್ಲಣ್ಣ, "ಬಲಿ ನೀನ ಎಳೀಬೇಕು ಮಾವಾ, ನಿನ್ನ ಕೈ ಮಂದಿಗೆ ಗೊತ್ತೈತಿ," ಎಂದಿದ್ದ. ಮನೆಗೆ ಬಂದು ಅಂಬವ್ವನ ಮುಂದೆ ಕೂಗಾಡಿದ್ದೇ ಬಂತು. ಆಕೆ ಈಳಿಗೆಗೆ ಸಾಣೆ ಹಿಡಿಯುತ್ತ ತಲೆ ಎತ್ತದೆ, "ವರ್ಷಾನಗಟ್ಟಲೆ ಮಾರ್ಕೆಟ್ಟಿನಾಗ ಐಸ್ ಮೀನು ತಂದು ಕೆರಿ ಮೀನಂತ ನಾ ಮಾರಾಕತ್ತೀನಿ. ಆವಾಗ ಊಟ ಮಾಡಿದ್ರಿ. ಈಗ ನಿಮ್ಮ ಕೈ ತೊಯ್ಯತಾವಂತ ಸಂಕಟ ಬಂತೇನು?" ಎಂದು ಕೇಳಿದ್ದಳು.

ವರ್ಷವಿಡೀ ಸೀತಮ್ಮ ಚೆರುವು ಎಂಬ ಈ ಕೆರೆಯ ಪಕ್ಕದ ರಸ್ತೆಯಲ್ಲಿ ಮೂಗಿಗೆ ಕರ್ಚೀಫು ಒತ್ತಿಕೊಂಡು ಸ್ಕೂಟರ್ ಓಡಿಸುವ ಜನ ಅವತ್ತು ಬುಟ್ಟಿ, ಸ್ಟೀಲ್ ಡಬ್ಬಿ, ಪ್ಲಾಸ್ಟಿಕ್ ಚೀಲ ಹಿಡಿದು ಏರಿಯ ತುಂಬ ನಿಂತರು. ರೋಹಿಣಿ ಮಳೆನಕ್ಷತ್ರ ಮುಗಿದು ಮೃಗಶಿರ ಕಾರ್ತೆ ಕೂಡುವ ದಿನ ಮೀನು ತಿಂದರೆ ಮಳೆಗಾಲದ ಕಾಯಿಲೆ ಬರುವುದಿಲ್ಲವೆಂದು ಹೈದರಾಬಾದಿನ ಜನ ನಂಬುತ್ತಾರೆ. ನಂಬಿಕೆಯ ಬಗ್ಗೆ ಬಂಡೆಪ್ಪನಿಗೆ ತಕರಾರಿಲ್ಲ. ಆದರೆ ಇವತ್ತು ಮೀನನ್ನು ಬೇಡುವ ಈ ಜನರ ಬಚ್ಚಲ ನೀರೇ ಅಲ್ಲವೇ ಮೂರು ಕಡೆಯಿಂದ ಮೋರಿಯಾಗಿ ಕೆರೆಗೆ ಬೀಳುವುದು? ನೀರಿನ ಮೇಲೆ ಸಾಬೂನಿನ ನೊರೆ ಹತ್ತಿಯ ಹಾಗೆ ಉರುಳುವುದನ್ನು ಅವರು ನೋಡುತ್ತಲೇ ಇದ್ದರು. ನೋಡುತ್ತಲೇ "ಚೆರುವು ಚೇಪಲ, ಕೆರೆ ಮೀನಿನ ರುಚಿಯೇ ಬೇರೆ" ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ಬಂಡೆಪ್ಪ ಮತ್ತು ಸೊಸೈಟಿಯವರು ಬಲೆಯ ಎರಡು ತುದಿ ಹಿಡಿದು ದಡಕ್ಕೆ ಎಳೆದರು. ಎಳೆಯುವಾಗ ಜೋರು ಹಾಕುವವರಂತೆ ಹುಯ್ಯೆನ್ನಬೇಕು ಎಂದು ಮಲ್ಲಣ್ಣ ಹೇಳಿಕೊಟ್ಟಿದ್ದ. ಉಳಿದವರು ಹುಯ್ಯೆಂದರು. ಬಂಡೆಪ್ಪನ ಬಾಯಿ ತೆರೆಯಲಿಲ್ಲ. ಬಲೆಯ ಹೊಟ್ಟೆ ಮೇಲೆದ್ದು ಬಿಸಿಲಿಗೆ ಮೀನು ಮಿಂಚಿದ್ದೇ ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆ! ಮೂವತ್ತು ವರ್ಷದ ಹಿಂದೆ ಅವನು ಇದೇ ಕೆರೆಯಲ್ಲಿ ನಿಜವಾದ ಮೀನು ಎಳೆದಾಗ ಒಂದು ಕಾಗೆಯೂ ತಿರುಗಿ ನೋಡಿರಲಿಲ್ಲ. ಟೋಪಿ ಹಾಕಿಕೊಂಡ ಮುದುಕರೊಬ್ಬರು ನೀರಿನ ಅಂಚಿಗೇ ಇಳಿದು ಬಂದು, "ಅಸಲಿ ತಾಲಾಬ್ ಕಾಚ್ ಹೈ ನಾ ಮಿಯಾಂ?" ಎಂದು, ನಿಜವಾಗಿ ಕೆರೆಯದೇ ತಾನೇ ಎಂದು, ಮೆಲ್ಲಗೆ, ನಂಬಿಕೆಯಿಂದ ಕೇಳಿದರು. ಅವರ ಬೆಳ್ಳಗಿನ ಗಡ್ಡವನ್ನೇ ನೋಡುತ್ತ ಬಂಡೆಪ್ಪ, "ಹೌ ಸಾಬ್," ಎಂದ. ಅಂದಮೇಲೆ ನಾಲಿಗೆಯನ್ನು ಹಲ್ಲಿನಿಂದ ಉಜ್ಜಿಕೊಂಡ.

ಅಂಬವ್ವ ಏರಿಯ ಕೆಳಗೆ ಗೋಣಿತಾಟು ಹಾಸಿ, ಈಳಿಗೆಯನ್ನು ಪಾದದಡಿ ಒತ್ತಿ ಹಿಡಿದು ಮೀನು ಕೊಯ್ಯುತ್ತಿದ್ದಳು. ಆಕೆಯ ಬಾಯಿ ಕೈಗಿಂತ ಜೋರು. ಇಗೋ ಈಗ ಬಂದದ್ದು, ಕಿವಿರು ನೋಡಿರಿ, ಗಂಡ ಕಣ್ಣೆದುರೇ ಹಿಡಿದು ತಂದದ್ದು. ಒಬ್ಬರಿಗೆ ತೆಲುಗು, ಒಬ್ಬರಿಗೆ ಉರ್ದು, ಈಳಿಗೆಗೆ ಕನ್ನಡದ ಬೈಗುಳ. ಆಕೆ ಸುಳ್ಳು ಹೇಳುವ ಸಲೀಸನ್ನು ಕಂಡು ಬಂಡೆಪ್ಪನಿಗೆ ಮೈ ಉರಿಯಿತು. ಮರುಕ್ಷಣ ಆಕೆಯ ಹೆಬ್ಬೆರಳಿಗೆ ಸುತ್ತಿದ ಬಟ್ಟೆ ಒದ್ದೆಯಾಗಿ ಕೆಂಪಾದದ್ದು ಕಂಡಿತು, ಅದು ಮೀನಿನ ರಕ್ತವೋ ಆಕೆಯದೋ ತಿಳಿಯಲಿಲ್ಲ. ಮದುವೆಯಾದ ಹೊಸತರಲ್ಲಿ, ಕೃಷ್ಣೆಯ ದಂಡೆಯ ಊರು ಬಿಟ್ಟು ಮಾವನ ಮನೆಗೆಂದು ಇಲ್ಲಿಗೆ ಬಂದಾಗ, ಈ ಕೆರೆ ಅವನ ಕಣ್ಣಿಗೆ ಹೊಂಡದಂತೆ ಕಂಡಿತ್ತು. ಹರಿಯದ ನೀರಿನಲ್ಲಿ ಏನು ಮೀನು ಎಂದು ನಕ್ಕಿದ್ದ. ಅಂಬವ್ವ ಅವನನ್ನು ತೂಬಿನ ಬಳಿಗೆ ಕರೆದುಕೊಂಡು ಹೋಗಿ ಬಿದಿರಿನ ಬುಟ್ಟಿಯನ್ನು ಹುಲ್ಲಿನೊಳಗೆ ಅದ್ದಿ ಎತ್ತಿದ್ದಳು. ಸಸಲು, ಬಾಳೆ, ಚೇಳುಮೀನು, ಹಾವುಮೀನು, ಹೆಸರು ಗೊತ್ತಿಲ್ಲದ ಗಾಜಿನಂಥ ಮರಿಗಳು. ಬುಟ್ಟಿಯೊಳಗೆ ಎಣ್ಣೆಗೆ ಸಾಸಿವೆ ಬಿದ್ದ ಸದ್ದು. ಆಮೇಲೆ ಸರಕಾರದವರು ಜಿಲೇಬಿ ಮೀನು ಬಿಟ್ಟರೆಂದು ಕೆಲವರು, ತಾನಾಗಿ ಬಂತೆಂದು ಕೆಲವರು. ಅದು ಮಾತ್ರ ಉಳಿಯಿತು, ಅದೂ ಸಣ್ಣದಾಗುತ್ತ ಹೋಯಿತು. ಯಾವ ಮೀನು ಯಾವ ವರ್ಷ ಬಲೆಗೆ ಬೀಳುವುದು ನಿಂತಿತು ಎಂದು ಯಾರಾದರೂ ಕೇಳಿದರೆ ಬಂಡೆಪ್ಪನಿಗೆ ಹೇಳಲಿಕ್ಕೆ ಬರುವುದಿಲ್ಲ. ಹೋಗುವ ಮೀನು ಹೇಳಿ ಹೋಗುವುದಿಲ್ಲ. ಒಂದು ದಿನ ನೆನಪಾಗುತ್ತದೆ, ಅರೆ, ಹಾವುಮೀನು ನೋಡಿ ಎಷ್ಟು ದಿನವಾಯಿತು ಎಂದು. ಆಗಲೇ ತಡವಾಗಿರುತ್ತದೆ.

ಎರಡನೆಯ ಸಲ ಬಲೆ ಎಳೆಯುವುದಕ್ಕೆ ಇನ್ನೂ ಹೊತ್ತಿತ್ತು. ಹೊರಕಡೆಗೆ ಹೋಗಿಬರುತ್ತೇನೆಂದು ನೆಪ ಹೇಳಿ ಬಂಡೆಪ್ಪ ಏರಿಯುದ್ದಕ್ಕೂ ನಡೆದ. ಬೆನ್ನ ಹಿಂದೆ ಮಲ್ಲಣ್ಣನ ಧ್ವನಿ ಸಣ್ಣದಾದಷ್ಟೂ ಹಾಯೆನಿಸಿತು. ಹಳೆಯ ತೂಬಿನ ಕಲ್ಲುಗಳ ಆಚೆ ಜೊಂಡು ಎತ್ತರವಾಗಿ ಬೆಳೆದು ಅಂತರಗಂಗೆ ಸರಿದುಬಾರದಂತೆ ತಡೆದಿತ್ತು. ಅಲ್ಲಿ ಒಂದು ಮನೆಯಂಗಳದಷ್ಟು ನೀರು ತಿಳಿಯಾಗಿ ಉಳಿದಿತ್ತು. ಕಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತು ಬೀಡಿ ಹಚ್ಚಿದ. ನೀರಿನ ಮೇಲೆ ಯಾರೋ ಕುಂಕುಮ ಚೆಲ್ಲಿದ ಹಾಗೆ ಕೆಂಪಗೆ ಏನೋ ಹರಡಿತ್ತು. ಪೂಜೆ ಮಾಡಿದ್ದನ್ನೆಲ್ಲ ತಂದು ಕೆರೆಗೇ ಸುರಿಯುತ್ತಾರೆ ಎಂದು ಬೈದುಕೊಂಡ. ಆದರೆ ಕುಂಕುಮ ಅಲುಗಿತು. ಗಾಳಿಯ ಕಡೆಗಲ್ಲ, ಗಾಳಿಗೆ ಎದುರಾಗಿ. ಮೆಲ್ಲಗೆ ಕುದಿಯುವ ಅನ್ನದ ಹಾಗೆ ಅದರ ಮೈತುಂಬ ಸಣ್ಣ ಸಣ್ಣ ಗುಳ್ಳೆಗಳು ಎದ್ದು ಒಡೆಯುತ್ತಿದ್ದವು. ಬಂಡೆಪ್ಪ ಬೀಡಿಯನ್ನು ಬಾಯಿಂದ ತೆಗೆಯುವುದನ್ನು ಮರೆತ. ಕೊರಮೀನಿನ ಮರಿಗಳು, ಈ ಕೆರೆಯಲ್ಲಿ ಎಂದೋ ತೀರಿಹೋಯಿತೆಂದುಕೊಂಡಿದ್ದ ಮೀನು. ಕಿರುಬೆರಳಿಗಿಂತ ಗಿಡ್ಡ, ಮರಿಬಣ್ಣ ಇನ್ನೂ ಬಿಟ್ಟಿಲ್ಲ. ಒಂದರ ಮೈಗೆ ಒಂದು ಉಜ್ಜಿಕೊಂಡು ಉಸಿರಿಗಾಗಿ ಮೇಲೆ ಬಂದು, ಮುಳುಗಿ, ಮತ್ತೆ ಬರುತ್ತಿದ್ದವು. ಮರಿಗಳಿದ್ದರೆ ಕೆಳಗೆ ತಾಯಿ ಇರಬೇಕು, ತಂದೆಯೂ ಇರಬೇಕು. ಮರಿ ದೊಡ್ಡದಾಗುವವರೆಗೆ ಎರಡೂ ಬಿಟ್ಟುಹೋಗುವುದಿಲ್ಲ. ಅವನು ಉಸಿರು ಹಿಡಿದು ನೋಡಿದ. ಕೆಂಪಿನ ಅಡಿಯಲ್ಲಿ ಕಪ್ಪು ನೆರಳೊಂದು ಅಡ್ಡ ಹಾಯ್ದು, ತಿರುಗಿ, ಜೊಂಡಿನ ಬುಡದಲ್ಲಿ ನಿಂತಿತು. ತೋಳಿನಷ್ಟು ದಪ್ಪ.

ಮೊದಲು ಕಣ್ಣಲ್ಲಿ ನೀರು ಬಂತು. ಬೀಡಿಯ ಹೊಗೆ ಎಂದು ಒರೆಸಿಕೊಂಡ. ಆಮೇಲೆ ಬಂದದ್ದು ಮತ್ತದೇ ಕಿರಿಕಿರಿ. ಇವತ್ತೇ ಯಾಕೆ ಕಾಣಬೇಕಿತ್ತು? ನಾಳೆ ಕಂಡಿದ್ದರೆ ಆಗುತ್ತಿರಲಿಲ್ಲವೇ? ಓಡಿಹೋಗಿ ಮಲ್ಲಣ್ಣನ ಅಂಗಿಯ ಕಾಲರ್ ಹಿಡಿದು ಎಳೆತಂದು, ನೋಡು, ಕೆರೆ ಸತ್ತಿಲ್ಲ, ನಿನ್ನ ಲಾರಿ ತಗೊಂಡು ಹೋಗು ಎಂದು ಹೇಳಬೇಕೆನಿಸಿತು. ಹೇಳಿದರೆ ಮಲ್ಲಣ್ಣ ಕೊರಮೀನನ್ನು ನೋಡಿ ಸುಮ್ಮನಿರುತ್ತಾನೆಯೇ? ಈ ಊರಿನಲ್ಲಿ ಮೃಗಶಿರದ ದಿನ ಜೀವಂತ ಕೊರಮೀನಿಗೆ ಇರುವ ಗಿರಾಕಿ ಬಂಗಾರಕ್ಕಿಲ್ಲ. ಕೆರೆಯಲ್ಲಿ ಮೀನಿದೆ ಎಂದು ತೋರಿಸಬೇಕಾದರೆ ಇರುವ ಮೀನನ್ನು ಹಿಡಿದೇ ತೋರಿಸಬೇಕು; ಹಿಡಿದರೆ ಆಮೇಲೆ ಕೆರೆಯಲ್ಲಿ ಮೀನಿಲ್ಲ. ಈ ಸುತ್ತಿನಲ್ಲಿ ತಲೆ ಎರಡು ಸಲ ತಿರುಗಿ ಬಂದು ಬಂಡೆಪ್ಪ ಬೀಡಿಯನ್ನು ಕಲ್ಲಿಗೆ ತಿಕ್ಕಿದ. ಯಾರಿಗೂ ಹೇಳುವುದಿಲ್ಲ. ಅಂಬವ್ವನಿಗೂ ಇಲ್ಲ. ಹಾಗೆ ನಿರ್ಧಾರ ಮಾಡಿದ ಮೇಲೆ ನಡೆಯುವಾಗ ಕಾಲು ಹಗುರವಾಗಿತ್ತು. ಬಹಳ ದಿನದ ಮೇಲೆ ಅವನಲ್ಲಿ ಅವನದೇ ಆದ ಒಂದು ಗುಟ್ಟಿತ್ತು.

ಬಂದು ನೋಡಿದರೆ ಯಾರೋ ಚಪ್ಪಲಿ ಕಾಲಿನಲ್ಲಿ ಬಲೆಯ ಮೇಲೆ ನಿಂತಿದ್ದರು. "ಸರೀರಲೇ, ಬಲಿ ತುಳೀಬ್ಯಾಡ್ರಿ, ಕಣ್ಣಿಲ್ಲೇನು?" ಎಂದು ಅವನು ಕೂಗಿಕೊಂಡ. ನಿಂತವರು ಕದಲಲಿಲ್ಲ, ಅವರಿಗೆ ಭಾಷೆ ತಿಳಿಯಲಿಲ್ಲ. ಅವರ ಹಿಂದಿನಿಂದ ಒಬ್ಬ ಹೆಂಗಸು ಮುಂದೆ ಬಂದಳು. ಮೂವತ್ತೈದರ ಆಸುಪಾಸು, ಶಾಲೆಯ ಟೀಚರಮ್ಮನ ಹಾಗೆ ಬಿಗಿಯಾಗಿ ಉಟ್ಟ ಸೀರೆ, ಸೆರಗಿನ ತುದಿ ಮೂಗಿಗೆ. ಬಗಲಿನ ಚೀಲದಲ್ಲಿ ಸ್ಟೀಲ್ ಡಬ್ಬಿ.

"ನೀವು ಕನ್ನಡದವರೇನ್ರಿ?"

"ಹೂಂನ್ರೀ. ರಾಯಚೂರ ಕಡಿಯವ್ರು. ಏನ್ ಬೇಕ್ರಿ? ಮೀನು ಅಲ್ಲಿ ಕೊಯ್ದು ಕೊಡ್ತಾರ, ಅಲ್ಲಿ ಹೋಗ್ರಿ."

"ನಮ್ದು ಗುಲ್ಬರ್ಗಾರಿ. ಮಲ್ಕಾಜ್‌ಗಿರಿ ರೈಲ್ವೆ ಕ್ವಾರ್ಟರ್ಸಿನಾಗ ಇರ್ತೀವಿ. ಶಾಮಲಾ ಅಂತ ನನ್ನ ಹೆಸರು." ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಆಕೆ ನಿಲ್ಲುತ್ತಿದ್ದಳು. ನಿಂತಾಗ ಎದೆಯೊಳಗಿನಿಂದ ಸಣ್ಣ ಸಿಳ್ಳು ಕೇಳುತ್ತಿತ್ತು. "ನಂಗ ಕೊಯ್ದದ್ದು ಬ್ಯಾಡ್ರಿ. ಸಣ್ಣದು ಬೇಕು. ಜೀವ ಇದ್ದದ್ದು. ಕೊರಮೀನಿನ ಮರಿ."

"ತಿನ್ನಾಕ ಸಣ್ಣದು ಯಾಕ್ರಿ?"

"ತಿನ್ಲಿಕ್ಕೆ ಅಲ್ರಿ." ಆಕೆ ಸುತ್ತ ನೋಡಿ ಧ್ವನಿ ತಗ್ಗಿಸಿದಳು. "ನುಂಗ್ಲಿಕ್ಕೆ."

ಬಂಡೆಪ್ಪನಿಗೆ ಅರ್ಥವಾಯಿತು. ಉಬ್ಬಸದವರು ಈ ದಿನ ನಗರದ ಮೈದಾನದಲ್ಲಿ ಔಷಧವನ್ನು ಮೀನಿನ ಮರಿಯ ಬಾಯಲ್ಲಿಟ್ಟು ಜೀವಂತ ನುಂಗಲು ಸಾಲು ನಿಲ್ಲುತ್ತಾರೆ. ಶಾಮಲಾ ಬೆಳಿಗ್ಗೆಯೇ ಅಲ್ಲಿಗೆ ಹೋಗಿದ್ದಳು. ಜನರ ನೂಕಾಟದಲ್ಲಿ ಉಸಿರು ಕಟ್ಟಿ, ಮೀನು ಮಾರುವವರ ತನಕ ಮುಟ್ಟಲಾಗದೆ ಹೊರಗೆ ಬಂದಿದ್ದಳು. ಯಾರೋ ಈ ಕೆರೆಯ ಹೆಸರು ಹೇಳಿದ್ದರು. ಉಪ್ಪಲ್ ಬಸ್ಸು ಹಿಡಿದು, ಬಸ್ ಸ್ಟಾಪಿನಿಂದ ಬಿಸಿಲಲ್ಲಿ ನಡೆದು ಬಂದಿದ್ದಳು. "ಎರಡು ವರ್ಷ ಅದ ಔಷಧ ಬೆಲ್ಲದಾಗ ತಗೊಂಡೆರಿ. ಮೀನಿನಾಗ ತಗೊಂಡ್ರನ ಗುಣ ಅಂತ ಎದುರಿನ ಮನಿಯಾಕಿ ಅಂದ್ಳು. ನಮ್ಮ ಮನ್ಯಾಗ ಯಾರಿಗೂ ಗೊತ್ತಿಲ್ರಿ. ನಮ್ಮ ಅತ್ತಿ ಉಳ್ಳಾಗಡ್ಡಿ ಸೈತ ಒಳಗ ತರಗೊಡಂಗಿಲ್ಲ." ನಗಲು ಹೋದಳು, ನಗೆ ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ. ಕತ್ತಿನ ಬುಡದ ಗುಂಡಿ ಒಳಕ್ಕೆ ಸೇದಿಕೊಂಡು ಹೋಗುವುದನ್ನು ಬಂಡೆಪ್ಪ ನೋಡಿದ. ದಡದ ಮೇಲೆ ಬಿದ್ದ ಮೀನುಗಳನ್ನು ಜೀವಮಾನವಿಡೀ ನೋಡಿದವನಿಗೆ ಆ ಗುಂಡಿಯಿಂದ ಕಣ್ಣು ಕೀಳಲಾಗಲಿಲ್ಲ.

"ಇಲ್ರಿ ಅವ್ವಾರ. ಇಲ್ಲಿ ಕೊರಮೀನಿಲ್ಲ," ಎಂದ, ಒರಟಾಗಿ.

"ಇಷ್ಟು ದೊಡ್ಡ ಕೆರಿ ಅದ. ಒಂದು ಮರಿ ಸಿಗೂದಿಲ್ಲೇನ್ರಿ?"

ಆಕೆ ಹಾಗೆ ಕೇಳಿದ್ದರಲ್ಲಿ ಹಂಗಿಸುವುದೇನೂ ಇರಲಿಲ್ಲ. ಆದರೂ ಬಂಡೆಪ್ಪನಿಗೆ ಮುಖಕ್ಕೆ ಹೊಡೆದಂತಾಯಿತು. ಬೆಳಗಿನಿಂದ ತಾನೇ ಬಿಟ್ಟ ಮೀನನ್ನು ತಾನೇ ಹಿಡಿದು, ಅದಕ್ಕೆ ಚಪ್ಪಾಳೆ ತಟ್ಟಿಸಿಕೊಂಡ ಕೈಗಳು ಸೊಂಟದ ಪಕ್ಕದಲ್ಲಿ ಯಾರದೋ ಕೈಗಳ ಹಾಗೆ ಜೋತುಬಿದ್ದಿದ್ದವು. ಒಂದೇ ಒಂದು ನಿಜವಾದ ಮೀನು. ಒಬ್ಬರ ಕೈಗೆ. ಹೇಳಿಕೊಳ್ಳಬೇಕಾಗಿಲ್ಲ, ಸದ್ದು ಮಾಡಬೇಕಾಗಿಲ್ಲ. ಅಷ್ಟು ಮರಿಗಳಲ್ಲಿ ಎರಡು ಹೋದರೆ ಏನಾದೀತು? ಕೊಕ್ಕರೆ ತಿನ್ನುವುದಿಲ್ಲವೇ? ಇದು ದಯೆಯೆಂದೇ ಅವನು ಅಂದುಕೊಂಡ. ದಯೆಯೂ ಇತ್ತು. ಆದರೆ ಈ ಹೆಂಗಸು ಮನೆಗೆ ಹೋದ ಮೇಲೂ, ಯಾರಿಗೂ ಹೇಳಲಾಗದಿದ್ದರೂ, ಕೆರೆಯಲ್ಲಿ ಒಬ್ಬನಿದ್ದ, ಕೈ ಹಾಕಿದರೆ ಮೀನು ತೆಗೆಯುತ್ತಿದ್ದ ಎಂದು ನೆನೆಯಲಿ ಎಂಬ ಆಸೆಯೂ ಅದರ ಪಕ್ಕದಲ್ಲೇ ಕೂತಿತ್ತು. "ಡಬ್ಬಿ ಕೊಡ್ರಿ," ಎಂದ. "ಹಿಂದ ಬರ್ರಿ, ದೂರ ನಿಂದರ್ರಿ."

ತೂಬಿನ ಹತ್ತಿರ ಅವನು ಹಾವು ಇಳಿದ ಹಾಗೆ ಸದ್ದಿಲ್ಲದೆ ಇಳಿದು, ಹೆಗಲ ಟವೆಲ್ಲನ್ನು ನೀರಿನಡಿ ಹರಡಿದ. ಕೆಂಪು ಮೋಡ ಅವನ ಮೊಣಕಾಲ ಹತ್ತಿರವೇ ಸುಳಿಯಿತು. ಬೆರಳುಗಳ ನಡುವೆ ಮರಿಗಳು ಹರಿದುಹೋದಾಗ ಮೈ ಜುಮ್ಮೆಂದಿತು. ಎಷ್ಟೋ ವರ್ಷದ ಮೇಲೆ ಅವನ ಚರ್ಮಕ್ಕೆ ಯಾವುದೋ ಜೀವ ತಾನಾಗಿ ಬಂದು ತಾಗಿತ್ತು. ಟವೆಲ್ಲಿನ ನಾಲ್ಕೂ ತುದಿ ಕೂಡಿಸಿ ಎತ್ತಿದ್ದೇ ಕೆಳಗಿನಿಂದ ತಾಯಿ ನುಗ್ಗಿತು. ಮುಂಗೈಗೆ ಬಿದ್ದ ಹೊಡೆತಕ್ಕೆ ನೀರು ಆಳೆತ್ತರ ಸಿಡಿಯಿತು. ಶಾಮಲಾ ಚೀರಿದಳು. ಬಂಡೆಪ್ಪ ನಕ್ಕುಬಿಟ್ಟ, ಜೋರಾಗಿ, ಹುಡುಗನ ಹಾಗೆ. "ನೋಡ್ರಿ ಅವ್ವಾರ, ನೋಡ್ರಿ! ಹೆಂಗ ಹೊಡಿತು ನೋಡ್ರಿ ಇದು!" ಎಂದು ಕೂಗಿದ. ಸದ್ದು ಮಾಡಬಾರದೆಂದುಕೊಂಡದ್ದು ನೆನಪಾದದ್ದು ಆಮೇಲೆ.

ಡಬ್ಬಿಯಲ್ಲಿ ಎರಡು ಮರಿ ಉಳಿಸಿ ಉಳಿದದ್ದನ್ನು ನೀರಿಗೆ ಬಿಟ್ಟ. ಶಾಮಲಾ ಡಬ್ಬಿಯೊಳಗೆ ಇಣುಕಿ ನೋಡಿ, ಮುಖ ಹಿಂದಕ್ಕೆಳೆದುಕೊಂಡು, ಮತ್ತೆ ನೋಡಿದಳು. "ಹೊಟ್ಟಿಯೊಳಗ ಹೋದ ಮ್ಯಾಲೆ ಇದು ಎಷ್ಟು ಹೊತ್ತು ಇರ್ತದರಿ, ಜೀವ?" ಎಂದು ಕೇಳಿದಳು. ಅವನಿಗೆ ಗೊತ್ತಿರಲಿಲ್ಲ. "ಗಟ್ಟಿ ಮೀನರಿ ಇದು," ಎಂದಷ್ಟೇ ಹೇಳಿದ. ಆಕೆ ಚೀಲದಲ್ಲಿ ಪರ್ಸು ಹುಡುಕತೊಡಗಿದಾಗ ಬೇಡವೆಂದು ಕೈ ಅಡ್ಡ ಹಿಡಿದ. ಆಕೆ ಡಬ್ಬಿಯನ್ನು ಎದೆಗವಚಿಕೊಂಡು, ನೀರು ತುಳುಕದಂತೆ ಸಣ್ಣ ಹೆಜ್ಜೆ ಇಡುತ್ತ ರಸ್ತೆಯ ಕಡೆ ನಡೆದಳು. ಆಕೆಯನ್ನೇ ನೋಡುತ್ತಿದ್ದ ಬಂಡೆಪ್ಪನ ಕಣ್ಣಿಗೆ ಏರಿಯ ಮೇಲೆ ನಿಂತಿದ್ದ ಮಲ್ಲಣ್ಣ ಬಿದ್ದ. ಅವನ ಹಿಂದೆ ಸೊಸೈಟಿಯ ನಾಲ್ಕಾರು ಜನ.

"ಮಾವಾ," ಎಂದ ಮಲ್ಲಣ್ಣ, ಇಳಿದು ಬರುತ್ತ. ಅವನ ಇಸ್ತ್ರಿಯ ಅಂಗಿ ಜೊಂಡಿಗೆ ಸಿಕ್ಕಿ ಎಳೆಯುತ್ತಿತ್ತು, ಅವನಿಗೆ ಅದರ ಗಮನವಿರಲಿಲ್ಲ. "ಕೊರಮೀನು ಅಲ್ಲೇನದು?"

"ಮರಿ ಐತಿ ಮಲ್ಲಣ್ಣ. ಬಿಡು. ಒಂದ ಜೋಡಿ ಐತಿ. ಈ ಮಳಿಗಾಲ ಬಿಟ್ಟೆಂದ್ರ ಮುಂದಿನ ವರ್ಷ..."

"ಮುಂದಿನ ವರ್ಷ ನಾವು ಇಲ್ಲಿ ಇರ್ತೀವೇನು? ನಾ ಬಿಟ್ರ ನಾಳೆ ಮತ್ತೊಬ್ಬ ಹಿಡೀತಾನ. ಏರಿ ಮ್ಯಾಲ ಮಂದಿ ಕೇಳಾಕತ್ತಾರ, ಕೊರಮೀನು ಐತೇನು ಐತೇನು ಅಂತ. ಒಂದು, ಒಂದರ ತೋರಿಸಿದ್ರ ಕೆರಿಗೆ ಹೆಸರು." ಆಮೇಲೆ, ಜಗಳದ ಧಾಟಿಯೇ ಇಲ್ಲದೆ, ನಿಜವಾಗಿಯೂ ತಿಳಿಯಬೇಕೆಂಬಂತೆ ಕೇಳಿದ: "ಬಿಡಬೇಕಂದ್ರ ನೀ ಯಾಕ ಕೈ ಹಾಕಿದಿ?"

ಬಂಡೆಪ್ಪ ಒದ್ದೆ ಟವೆಲ್ಲನ್ನು ಹಿಂಡಿ ಹೆಗಲಿಗೆ ಹಾಕಿಕೊಂಡ. ಅಷ್ಟರಲ್ಲಿ ಉಳಿದವರು ನೀರಿಗಿಳಿದಾಗಿತ್ತು. ಒಬ್ಬ ಗಳದಿಂದ ಜೊಂಡನ್ನು ಬಡಿಯುತ್ತಿದ್ದ. ಇನ್ನೊಬ್ಬ ಸೊಳ್ಳೆಪರದೆಯ ತುಂಡಿನಲ್ಲಿ ಮರಿಗಳನ್ನು ಗೋರಿ ಗೋರಿ ಬಿಂದಿಗೆಗೆ ಸುರಿಯುತ್ತಿದ್ದ, ಅರ್ಧ ಕಲ್ಲಿನ ಮೇಲೆ ಚೆಲ್ಲುತ್ತಿದ್ದವು. ಮತ್ತೊಬ್ಬ ಎಳೆಬಲೆಯನ್ನೇ ತಂದು ಬುಡದ ಹೂಳನ್ನೆಲ್ಲ ಕಲಕಿಬಿಟ್ಟ. ತಿಳಿನೀರು ಕಣ್ಣೆದುರೇ ಗಂಜಿಯಾಯಿತು. ಇವರಿಗೆ ಕೊರಮೀನು ಹಿಡಿದು ಗೊತ್ತೇ ಇಲ್ಲ, ಬಂಡೆಪ್ಪನಿಗೆ ಅದು ಈಗ ಹೊಳೆಯಿತು. ಇವರು ಬಲೆ ಹಿಡಿಯುವ ವಯಸ್ಸಿಗೆ ಬರುವಷ್ಟರಲ್ಲಿ ಅದು ಕೆರೆಯಿಂದ ಹೋಗಿಬಿಟ್ಟಿತ್ತು. ತಾಯಿ ಒಮ್ಮೆ ಮೇಲೆದ್ದು ಗಾಳಿ ಗುಟುಕರಿಸಿತು. ಅದರ ಬೆನ್ನಿನ ಮೇಲೆ ಗಳದ ಏಟು ಬಿತ್ತು, ತಪ್ಪಿತು, ಮತ್ತೆ ಬಿತ್ತು. "ಬಡೀಬ್ಯಾಡ್ರಲೇ, ಕೆಸರಿನಾಗ ಹೂತ್ಕೊಂತೈತಿ!" ಎಂದು ಬಂಡೆಪ್ಪ ಒದರಿದ. ಯಾರೂ ಕೇಳಲಿಲ್ಲ. ಬಲೆಯನ್ನು ಎಡಗಡೆ ಬಿಡಬೇಕಾದಲ್ಲಿ ಬಲಗಡೆ ಬಿಡುತ್ತಿದ್ದರು; ನಿಂತು ಕಾಯಬೇಕಾದಲ್ಲಿ ಓಡಾಡುತ್ತಿದ್ದರು. ಒಬ್ಬರ ಕಾಲ ಮೇಲೆ ಒಬ್ಬರು ಬಿದ್ದು ನಗುತ್ತಿದ್ದರು. ಅವನ ಕೈಗಳು ತಾವಾಗಿಯೇ ಗಾಳಿಯಲ್ಲಿ ಬಲೆ ಮಡಚುತ್ತಿದ್ದವು. ಮೀನನ್ನು ಬಿಡಿ ಎಂದು ಹೇಳಬೇಕೆಂದು ಬಾಯಿ ತೆರೆದವನ ಬಾಯಿಂದ ಬಂದದ್ದು, "ಹಂಗಲ್ಲೋ ಮಂಗ್ಯಾಗಳ್ರ್ಯಾ, ಹಂಗಲ್ಲ!" ಎಂದು.

"ಹಂಗಾರ ನೀನ ಹಾಕು," ಎಂದು ಮಲ್ಲಣ್ಣ ಬೀಸುಬಲೆಯನ್ನು ಅವನ ಹೆಗಲ ಮೇಲಿಟ್ಟ.

ಸೀಸದ ಗುಂಡುಗಳ ಭಾರ ಎದೆಗೆ ತಾಗಿತು. ಬಲೆಯನ್ನು ಕೆಳಗೆಸೆದು ಹೋಗಿಬಿಡಬಹುದಿತ್ತು; ಹಾಗೆ ಹೋಗುವ ತನ್ನ ಬೆನ್ನನ್ನು ಅವನು ಒಂದು ಕ್ಷಣ ಕಂಡೂ ಕಂಡ. ಆದರೆ ಅಷ್ಟರಲ್ಲಿ ಗಳ ಮತ್ತೆ ಮೇಲೆದ್ದಿತ್ತು. "ಸರೀರಿ ಎಲ್ಲಾರೂ," ಎಂದ. ಅವನ ಧ್ವನಿಗೆ ಎಲ್ಲರೂ ಸರಿದರು. ನೀರು ನಿಂತಿತು. ಒಂದು ಅಂಚು ಹಲ್ಲಿನಲ್ಲಿ ಕಚ್ಚಿ, ಕಾದ. ಚೆದುರಿಹೋಗಿದ್ದ ಮರಿಗಳಲ್ಲಿ ಏಳೆಂಟು ಒಂದೆಡೆ ಕೂಡಿ ಮೇಲೆ ಬಂದವು. ಅವುಗಳ ಹಿಂದೆ ನೀರು ಸ್ವಲ್ಪವೇ ಉಬ್ಬಿತು. ಬಲೆ ಅವನ ಕೈಬಿಟ್ಟು, ಗಾಳಿಯಲ್ಲಿ ಪೂರ್ತಿ ದುಂಡಗೆ ಅರಳಿ, ಒಂದೇ ಸದ್ದಿನಲ್ಲಿ ಕೂತಿತು. ಇಷ್ಟು ಚಂದದ ಬೀಸು ಅವನು ಬೀಸಿ ವರ್ಷಗಳಾಗಿದ್ದವು. ಎಷ್ಟು ಚಂದ ಬಿತ್ತು ಎಂದು ಹಿಗ್ಗಿದ ಮೇಲೆಯೇ, ಹಗ್ಗ ಕೈಯಲ್ಲಿ ಜಗ್ಗತೊಡಗಿದ ಮೇಲೆಯೇ, ಮಾಡಿದ್ದೇನೆಂದು ಅವನಿಗೆ ತಿಳಿದದ್ದು. ಏರಿಯ ಮೇಲಿನಿಂದ ಯಾರೋ ಚಪ್ಪಾಳೆ ತಟ್ಟಿದರು. ಅವನು ತಲೆ ಎತ್ತಲಿಲ್ಲ; ಬಲೆಯಾಚೆ ಇನ್ನೊಂದು ಕಪ್ಪು ಬೆನ್ನು ನೀರು ಸೀಳಿ ತೂಬಿನ ಕಲ್ಲಿನ ಸಂದಿಗೆ ನುಸುಳಿದ್ದನ್ನು ನೋಡುತ್ತಿದ್ದ.

ತಾಯಿಯನ್ನು ತಗಡಿನ ತೊಟ್ಟಿಯಲ್ಲಿಟ್ಟು ಮಲ್ಲಣ್ಣ ಮಧ್ಯಾಹ್ನದವರೆಗೆ ಜನರಿಗೆ ತೋರಿಸಿದ. ಮರಿಗಳ ಬಿಂದಿಗೆ ಔಷಧದ ಸಾಲಿನ ಕಡೆ ಆಟೋದಲ್ಲಿ ಹೋಯಿತು. ಲಾರಿಯ ಮೀನೆಲ್ಲ ತೀರಿತು. ಗಳದ ಏಟಿಗೆ ಬೆನ್ನು ಕಂದಿದ್ದ ಕೊರಮೀನು ಸಂಜೆಗೆ ಮಗ್ಗುಲಾದಾಗ, ಮಾರಲು ಮಲ್ಲಣ್ಣನಿಗೇ ಮನಸ್ಸಾಗಲಿಲ್ಲವೋ ಏನೋ, ಅದನ್ನು ಅಕ್ಕನ ಬುಟ್ಟಿಯಲ್ಲಿಟ್ಟು, "ಮಾವ ಹಿಡದದ್ದು, ಮಾವಗ ಮಾಡಿ ಹಾಕು," ಎಂದು ಹೇಳಿಹೋದ.

ಹೊರಗೆ ಮೊದಲ ಮಳೆಯ ನಾಲ್ಕು ಹನಿ ತಗಡಿನ ಮೇಲೆ ಬಿದ್ದು ನಿಂತವು. ಅಂಬವ್ವ ಹುಣಸೆಹುಳಿ ಕಿವುಚಿ, ಖಾರ ಅರೆದು, ಬೆಳಗಿನಿಂದ ನೂರಾರು ಮೀನು ಕೊಯ್ದ ಕೈಗಳಲ್ಲೇ ಇದನ್ನೊಂದನ್ನು ಬೇರೆಯಾಗಿ, ನಿಧಾನವಾಗಿ ಕೊಯ್ದಿದ್ದಳು. ಬಂಡೆಪ್ಪ ತಿನ್ನಬಾರದೆಂದುಕೊಂಡೇ ಕೂತಿದ್ದ. ಹಸಿವಿಲ್ಲ ಎಂದು ಹೇಳುವ ಮಾತನ್ನು ಬಾಯಲ್ಲಿ ಸಿದ್ಧ ಮಾಡಿಕೊಂಡಿದ್ದ. ಆಕೆ ಜೋಳದ ರೊಟ್ಟಿಯ ಪಕ್ಕದಲ್ಲಿ ನಡುಭಾಗದ ತುಂಡು ಇಟ್ಟಳು. ತಾನೂ ಎದುರಿಗೇ ಕೂತು, ಹೆಬ್ಬೆರಳಿನ ಬಟ್ಟೆ ಬಿಚ್ಚಿ ಪಕ್ಕಕ್ಕಿಟ್ಟು, ಒಂದು ತುತ್ತು ಬಾಯಿಗೆ ಹಾಕಿಕೊಂಡಳು. ಹಾಕಿಕೊಂಡವಳು ಅಗಿಯುವುದನ್ನು ನಿಲ್ಲಿಸಿ ಗೋಡೆಯ ಕಡೆ ನೋಡಿದಳು. ಆಕೆಯ ಮುಖದ ಬಿಗಿ ಎಲ್ಲ ಸಡಿಲಾಗಿ, ತೂಬಿನ ಬಳಿ ಬುಟ್ಟಿ ಎತ್ತಿ ಹಿಡಿದಿದ್ದ ಹುಡುಗಿಯ ಮುಖ ಒಂದು ಗಳಿಗೆ ಬಂದು ಹೋಯಿತು. "ಉಣ್ರಿ," ಎಂದಳು. ಅವನು ಸಿಟ್ಟಿನಿಂದಲೇ ತುಂಡು ಮುರಿದು ಬಾಯಿಗಿಟ್ಟ.

ರುಚಿಯಾಗಿತ್ತು. ಬಾಯಿ ಕಹಿಯಾಗುತ್ತದೆ, ಗಂಟಲಲ್ಲಿ ಇಳಿಯುವುದಿಲ್ಲ ಎಂದೆಲ್ಲ ಅವನು ನೆಚ್ಚಿಕೊಂಡಿದ್ದ, ಹಾಗೇನೂ ಆಗಲಿಲ್ಲ. ಗಟ್ಟಿಯಾದ, ಸಿಹಿಯಾದ, ಮುಳ್ಳಿಲ್ಲದ ಮಾಂಸ ನಾಲಿಗೆಯ ಮೇಲೆ ಎಳೆಎಳೆಯಾಗಿ ಬಿಟ್ಟುಕೊಂಡಿತು. ಈ ರುಚಿಯನ್ನು ತಾನು ಮರೆತೇಬಿಟ್ಟಿದ್ದೆನೆಂದು ಅವನಿಗೆ ತಿಳಿಯಿತು. ಐಸಿನ ಮೀನು ತಿಂದು ತಿಂದು ಮೀನೆಂದರೆ ಹುಣಸೆಹುಳಿ ಎಂದುಕೊಂಡಿದ್ದ. ಎರಡನೆಯ ತುತ್ತು ಮೊದಲನೆಯದಕ್ಕಿಂತ ದೊಡ್ಡದಾಯಿತು. ತನ್ನ ದವಡೆಯನ್ನೂ, ಉಕ್ಕುತ್ತಿದ್ದ ಜೊಲ್ಲನ್ನೂ ಅವನು ಯಾರೋ ನಾಚಿಕೆಗೆಟ್ಟ ನೆಂಟನನ್ನು ನೋಡುವಂತೆ ನೋಡುತ್ತ ಉಂಡ. ಉಣ್ಣುವುದನ್ನು ನಿಲ್ಲಿಸಲಿಲ್ಲ.

"ಇವು ಯಾವಾಗಲೂ ಜೋಡಿ ಇರ್ತಾವಲ್ಲ," ಎಂದಳು ಅಂಬವ್ವ, ಬೆರಳು ಚೀಪುತ್ತ. "ಇನ್ನೊಂದು ಸಿಕ್ಕಿಲ್ಲ ಹೌದಿಲ್ಲೋ?"

"ಇಲ್ಲ. ಕಲ್ಲಿನ ಸಂದ್ಯಾಗ ಹೋತು," ಎಂದ ಬಂಡೆಪ್ಪ, ಬಾಯಿ ತುಂಬ ತುತ್ತಿಟ್ಟುಕೊಂಡೇ. ಅಂದಮೇಲೆ ಕೈ ತಟ್ಟೆಯ ಮೇಲೆ ನಿಂತಿತು.

ಅಂಬವ್ವ ಅವನನ್ನೇ ನೋಡುತ್ತಿದ್ದಳು. ಆಕೆಯ ಕಣ್ಣಿನಲ್ಲಿ ದುರಾಸೆಯಿರಲಿಲ್ಲ; ದಿನವಿಡೀ ದುಡಿದು ದಣಿದವರ ಸಣ್ಣ ಖುಷಿಯಿತ್ತು, ಅಷ್ಟೆ.

"ಯಾವ ಕಲ್ಲು?" ಎಂದು ಕೇಳಿದಳು.

ಅವನು ತಟ್ಟೆಯನ್ನು ಆಕೆಯ ಕಡೆ ಸರಿಸಿದ.

"ಇನ್ನೊಂದು ತುಂಡು ಹಾಕು," ಎಂದ.